ಇಂಟರ್‌ನ್ಯಾಷನಲ್ ಆಮೇಲೆ, ಮೊದಲು ಫೀಲ್ಡ್

"ಬೇರೆ ದೇಶಗಳಲ್ಲಿ ಸಮುದಾಯ ಅಭಿವೃದ್ಧಿ ಕೆಲಸ ಮಾಡಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡಲಿ?" ತಿಂಗಳಿಗೆ ಒಬ್ಬರಾದರೂ ನನಗೆ ಹೀಗೆ ಮೆಸೇಜ್ ಮಾಡುತ್ತಾರೆ. ಫೀಲ್ಡ್‌ನಲ್ಲಿ, ಅಂದರೆ ಊರುಕೇರಿಯ ಜನರ ನಡುವೆ, ಎಷ್ಟು ದಿನ ಇದ್ದಿರಿ ಅಂತ ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ.

ಹೆದರಿಸೋಕೆ ಕೇಳೋದಲ್ಲ. ಪ್ಲೇಪಂಪ್ ಕಥೆ ಗೊತ್ತಲ್ವಾ? ಮಕ್ಕಳು ಆಡುವ ತಿರುಗಣಿಗೆ ಪಂಪ್ ಜೋಡಿಸೋದು, ಮಕ್ಕಳು ಆಡ್ತಾ ಆಡ್ತಾ ನೀರು ಮೇಲಿನ ಟ್ಯಾಂಕಿಗೆ ಏರೋದು, ಟ್ಯಾಂಕಿನ ಸುತ್ತ ಜಾಹೀರಾತು ಹಾಕಿ ರಿಪೇರಿ ಖರ್ಚು ತೆಗೆಯೋದು. ಕೇಳೋಕೆ ಎಷ್ಟು ಚೆಂದ! ಶುರುವಾಗಿದ್ದು ದಕ್ಷಿಣ ಆಫ್ರಿಕಾದಲ್ಲಿ. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ಕೆಲವು ಫೌಂಡೇಶನ್‌ಗಳು ಸೇರಿ 1.64 ಕೋಟಿ ಡಾಲರ್ ಘೋಷಿಸಿದವು. 2010ರ ಹೊತ್ತಿಗೆ 4,000 ಪಂಪ್ ಅನ್ನೋದು ಗುರಿ. ಆದರೆ ಮಕ್ಕಳು ನೀರು ಬೇಕಾದಷ್ಟು ಹೊತ್ತೆಲ್ಲ ಆಡುತ್ತಾರಾ? ಕೊನೆಗೆ ಎಷ್ಟೋ ಕಡೆ ಹೆಂಗಸರೇ, ವಯಸ್ಸಾದವರು ಕೂಡ, ಬಗ್ಗಿಕೊಂಡು ಆ ತಿರುಗಣಿ ತಳ್ಳಬೇಕಾಯಿತು. ಕೆಲವು ಊರುಗಳಲ್ಲಿ ಮೊದಲಿದ್ದ ಕೈಪಂಪನ್ನೂ ಕಿತ್ತು ಇದನ್ನು ಕೂರಿಸಿದ್ದರು. ಗುರಿ ಮುಟ್ಟುವ ಮುಂಚೆಯೇ ಯೋಜನೆ ನಿಂತಿತು. ಒಂದು ಕೈಪಂಪಿನ ಹತ್ತಿರ ಎರಡು ದಿನ ಬೆಳಗಿನಿಂದ ಸುಮ್ನೆ ಕೂತು, ಯಾರು ಯಾವಾಗ ಎಷ್ಟು ಕೊಡ ತುಂಬಿಕೊಂಡು ಹೋಗ್ತಾರೆ ಅಂತ ಎಣಿಸಿದ್ದರೂ ಅರ್ಧ ವಿಷಯ ಗೊತ್ತಾಗುತ್ತಿತ್ತು.

ಆ ಎಣಿಸೋ ಅಭ್ಯಾಸ ಹುಟ್ಟೋದು ಫೀಲ್ಡ್‌ವರ್ಕ್‌ನಲ್ಲಿ. ಸಮಾಜಕಾರ್ಯ ಓದಿದವರಿಗೆ ಇದು ಗೊತ್ತು. ಅಮೆರಿಕದ ಸೋಷಿಯಲ್ ವರ್ಕ್ ಕೋರ್ಸುಗಳಲ್ಲಿ ಡಿಗ್ರಿಗೆ ಕನಿಷ್ಠ 400 ಗಂಟೆ, ಮಾಸ್ಟರ್ಸ್‌ಗೆ ಕನಿಷ್ಠ 900 ಗಂಟೆ ಫೀಲ್ಡ್‌ನಲ್ಲಿ ಇರಲೇಬೇಕು. ಆದರೆ ಬರೀ ಗಂಟೆ ತುಂಬಿಸಿದರೆ ಏನೂ ಬರಲ್ಲ. ನೀವು ದಿನಾ ಬರೆಯುವ ಫೀಲ್ಡ್ ಡೈರಿ ಓದಿ ಕಿವಿ ಹಿಂಡುವವರು ಒಬ್ಬರು ಬೇಕು.

ನನಗೆ ಅಂಥವರು ಸಿಕ್ಕಿದ್ದರು, ನನ್ನ ಫೀಲ್ಡ್‌ವರ್ಕ್ ನೋಡಿಕೊಳ್ಳುತ್ತಿದ್ದ ಮೇಡಂ. ಒಂದು ಊರಿನಲ್ಲಿ ಬೇಸ್‌ಲೈನ್ ಸರ್ವೆಗೆ (ಕೆಲಸ ಶುರುವಾಗುವ ಮುಂಚಿನ ಸ್ಥಿತಿ ದಾಖಲಿಸೋದಕ್ಕೆ) ಅಂತ ಸಭೆ ಸೇರಿಸಿ, "ನೀರಿನ ಸಮಸ್ಯೆ ಇದೆಯಾ?" ಅಂತ ಕೇಳಿದೆ. ಇಲ್ಲ ಅಂದರು ಎಲ್ಲರೂ. ಖುಷಿಯಿಂದ ಹಾಗೇ ಬರೆದುಕೊಂಡು ಬಂದೆ. ಮೇಡಂ ಡೈರಿ ಓದಿ ಒಂದೇ ಸಾಲು ಕೆಂಪು ಪೆನ್ನಿನಲ್ಲಿ ಬರೆದರು: "ಇದು ನೀನು ನೋಡಿದ್ದಾ, ಕೇಳಿದ್ದಾ, ಅಂದುಕೊಂಡಿದ್ದಾ?" ಮತ್ತೆ ಹೋದೆ. ಈ ಸಲ ಮನೆ ಮನೆಗೆ ಹೋದೆ, ಸಂಜೆ ಹೊತ್ತು. ಆಗ ತಿಳಿಯಿತು, ಮೊದಲ ದಿನ ಜನರನ್ನು ಕರೆದು ಕೂರಿಸಿದ್ದವನೇ ಅಲ್ಲಿ ಟ್ಯಾಂಕರ್ ನೀರು ಮಾರುವವನು. ಅವನ ಮುಂದೆ ಯಾರು ಬಾಯಿ ಬಿಡ್ತಾರೆ?

ಸರಿ, ಕೆಲಸದ ವಿಷಯಕ್ಕೆ ಬರೋಣ. ಅಮೆರಿಕದ ಪ್ರಜೆಗಳಿಗೆ 1961ರಲ್ಲಿ ಶುರುವಾದ ಪೀಸ್ ಕಾರ್ಪ್ಸ್ ಅನ್ನೋ ಸರ್ಕಾರಿ ಸ್ವಯಂಸೇವಕರ ಕಾರ್ಯಕ್ರಮ ಇದೆ, ತರಬೇತಿಯೂ ಸೇರಿ 27 ತಿಂಗಳು. ಉಳಿದ ನಮ್ಮಂಥವರಿಗೆ ಹೆಚ್ಚು ಉಪಯೋಗಕ್ಕೆ ಬರೋದು ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ. 1970ರಲ್ಲಿ ಮಹಾಸಭೆ ಒಪ್ಪಿದ್ದು, ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿ. ಸಂಬಳ ಅಂತ ಕೊಡಲ್ಲ, ಆದರೆ ತಿಂಗಳ ಖರ್ಚಿಗೆ ಭತ್ಯೆ ಇದೆ. ಸ್ವಂತ ದೇಶದೊಳಗೇ ಕೆಲಸ ಮಾಡುವ ಹುದ್ದೆಗಳೂ ಇವೆ. ಅದನ್ನು ಜನ ಕೀಳಾಗಿ ನೋಡುತ್ತಾರೆ, ಯಾಕೋ ಗೊತ್ತಿಲ್ಲ. ಹೊರಗಿನಿಂದ ಬಂದವರು ಕೈ ಬೆರಳೆಣಿಕೆಯಷ್ಟು, ಉಳಿದ ಕೆಲಸವೆಲ್ಲ ಸ್ಥಳೀಯರದ್ದು, ಹೆಚ್ಚಿನ ಸಂಸ್ಥೆಗಳಲ್ಲಿ ಇದೇ ಲೆಕ್ಕ.

ವಿಶ್ವಸಂಸ್ಥೆಯ ಖಾಯಂ ಹುದ್ದೆಗಳ ಏಣಿಯಲ್ಲಿ ಪಿ-2 ಅನ್ನೋ ಕೆಳಗಿನ ಮೆಟ್ಟಿಲಿಗೇ ಸಾಮಾನ್ಯವಾಗಿ ಮಾಸ್ಟರ್ಸ್ ಜೊತೆ ಎರಡು ವರ್ಷ ಅನುಭವ ಕೇಳುತ್ತಾರೆ, ಅದರ ಮೇಲಿನ ಪಿ-3ಗೆ ಐದು ವರ್ಷ. ಆ ಅನುಭವ ಎಲ್ಲಿಂದ ತರ್ತೀರಿ? ಮತ್ತೆ ಫೀಲ್ಡ್‌ಗೇ ಬಂತು ಮಾತು.

ಇನ್ನೊಂದು ವಿಷಯ ನೇರವಾಗಿ ಹೇಳಿಬಿಡ್ತೀನಿ. ಈ ಕ್ಷೇತ್ರದಲ್ಲಿ ನಿಮ್ಮ ಕೆಲಸ ದುಡ್ಡು ಕೊಡುವ ಡೋನರ್ ಕೈಯಲ್ಲಿದೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಎಐಡಿ ಬಾಗಿಲು ಹಾಕಿತು. ಹತ್ತಾರು ವರ್ಷ ದುಡಿದವರೂ ರಾತ್ರೋರಾತ್ರಿ ಖಾಲಿ ಕೈ. (ತಮಾಷೆ ಅಂದರೆ, ನಾವೆಲ್ಲ ಇವತ್ತಿಗೂ ಬೈದುಕೊಂಡು ತುಂಬಿಸುವ, ಯೋಜನೆಯ ಗುರಿ, ಕೆಲಸ, ಅಳತೆ ಬರೆಯೋ ಲಾಗ್‌ಫ್ರೇಮ್ ಅನ್ನೋ ಕೋಷ್ಟಕವನ್ನು 1969ರಲ್ಲಿ ಮಾಡಿದ್ದು ಅದೇ ಸಂಸ್ಥೆಗೆ ಅಂತ. ಸಂಸ್ಥೆ ಹೋಯಿತು, ಕೋಷ್ಟಕ ಉಳಿಯಿತು.) ಆದ್ದರಿಂದ ಕೈಯಲ್ಲಿ ಒಂದು ಕಸುಬು ಇಟ್ಟುಕೊಳ್ಳಿ. ಲೆಕ್ಕಪತ್ರ, ನರ್ಸಿಂಗ್, ನೀರಿನ ಎಂಜಿನಿಯರಿಂಗ್, ಪಾಠ ಹೇಳೋದು, ಅಂಕಿ ಅಂಶ, ಯಾವುದಾದರೂ ಸರಿ. ಬರೀ ಹಣ ಕೇಳುವ ಪ್ರಪೋಸಲ್ ಬರೆಯೋಕೆ ಮಾತ್ರ ಬಂದರೆ, ಫಂಡ್ ನಿಂತ ದಿನ ನೀವೂ ನಿಂತಿರಿ. ಮತ್ತೆ ಭಾಷೆ. ಇಂಗ್ಲಿಷ್ ಜೊತೆ ಫ್ರೆಂಚ್ ಬಂದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಹಳಷ್ಟು ಕೆಲಸಗಳಿಗೆ ಅರ್ಜಿ ಹಾಕಬಹುದು, ಆದರೆ ಅಲ್ಲಿಗೆ ಹೋದಮೇಲೆ ಸಂತೆಯಲ್ಲಿ ಆಡೋ ಭಾಷೆ ಕಲಿಯದಿದ್ದರೆ ದುಭಾಷಿ ಹೇಳಿದ್ದೇ ನಿಮಗೆ ಸತ್ಯ.

ಹೋದ ವಾರ ಒಬ್ಬ ಹುಡುಗಿ ಮಾತ್ರ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಳು, "ನಲವತ್ತು ದಿನ" ಅಂತ. ಡೈರಿ ಇದ್ದರೆ ಕಳಿಸು ಅಂದೆ. ಮೊದಲ ಪುಟದ ಫೋಟೋ ಕಳಿಸಿದಳು: "ಇವತ್ತು ಯಾರೂ ಮಾತಾಡಿಸಲಿಲ್ಲ. ಸುಮ್ನೆ ಕೂತಿದ್ದೆ." ಎಲ್ಲಿ ಕೂತಿದ್ದೆ, ಎಷ್ಟು ಹೊತ್ತು, ಎದುರಿಗೆ ಯಾರು ಯಾರು ಹಾದುಹೋದರು, ಅದನ್ನೂ ಬರಿ ಅಂತ ವಾಪಸ್ ಕಳಿಸಿದ್ದೇನೆ.