ಹಳೆ ಕಾರಿಗೆ ಹೊಸ ಸಾಮಾನೋ, ರೀಕಂಡಿಷನ್ ಸಾಮಾನೋ?

ಕಲಬುರಗಿಯ ಗ್ಯಾರೇಜುಗಳಲ್ಲಿ ಹತ್ತು-ಹದಿನೈದು ವರ್ಷ ದಾಟಿದ ವ್ಯಾಗನ್ ಆರ್, ಸ್ವಿಫ್ಟ್, ಇಂಡಿಕಾ, ಸ್ಯಾಂಟ್ರೊ, ಬೊಲೆರೊಗಳಿಗೆ ಕೊರತೆಯಿಲ್ಲ. ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಹೋಗಿದೆ, ಸೆಲ್ಫ್ (ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್) ಎಳೀತಿಲ್ಲ, ಎಸಿ ಕಂಪ್ರೆಸರ್ ಜಾಮ್ ಆಗಿದೆ ಎಂದಾಗ ಮಿಸ್ತ್ರಿ ಕೇಳುವುದು ಒಂದೇ ಮಾತು: "ಹೊಸಾದು ತರಸಲ್ರಿ, ಇಲ್ಲಾ ರೀಕಂಡಿಷನ್ ನಡೀತದೇನ್ರಿ?" ರೀಕಂಡಿಷನ್ ಎಂದರೆ ಹಳೆಯದನ್ನೇ ಬಿಚ್ಚಿ ಸರಿಮಾಡಿದ ಸಾಮಾನು. ಬಹಳ ಮಂದಿ ಎರಡರ ದರ ಕೇಳಿ ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ದರ ಕೇಳುವ ಮೊದಲು ಆ ಸಾಮಾನಿನಲ್ಲಿ ಸವೆಯುವುದು ಯಾವ ಭಾಗ ಎಂದು ಕೇಳಿ. ಸವೆಯುವುದು ಕಾರ್ಬನ್ (ತಿರುಗುವ ಭಾಗಕ್ಕೆ ಉಜ್ಜಿ ಕರೆಂಟ್ ದಾಟಿಸುವ ತುಂಡು), ಬೇರಿಂಗ್, ಸೀಲ್‌ನಂಥ ಚಿಕ್ಕ ಭಾಗವಾಗಿದ್ದು ಹೊರಗಿನ ಹೌಸಿಂಗ್ ಗಟ್ಟಿಯಿದ್ದರೆ ರೀಕಂಡಿಷನ್ ಧೈರ್ಯವಾಗಿ ಹಾಕಿಸಬಹುದು. ರಬ್ಬರ್, ಬೆಲ್ಟ್, ಬ್ರೇಕ್ ಲೈನಿಂಗ್‌ನಂತೆ ವಸ್ತುವಿಗೇ ವಯಸ್ಸಾಗುತ್ತದೆ ಎಂದಾದರೆ ಹೊಸದೇ ಬೇಕು.

ಅಂಗಡಿಯಲ್ಲಿ "ಹೊಸದು" ಅಂದರೂ ಅದರಲ್ಲಿ ಮೂರು ಜಾತಿ. ಕಾರು ಕಂಪನಿಯ ಡಬ್ಬದಲ್ಲಿ ಬರುವುದು ಒಂದು. ಆ ಕಂಪನಿಗಳಿಗೇ ಸಾಮಾನು ಮಾಡಿಕೊಡುವ ಲ್ಯೂಕಾಸ್ ಟಿವಿಎಸ್, ಬಾಷ್, ಡೆನ್ಸೊ, ವ್ಯಾಲಿಯೊ, ಸುಬ್ರೋಸ್, ರಾಣೆ ಮುಂತಾದವರು ತಮ್ಮ ಸ್ವಂತ ಹೆಸರಿನಲ್ಲಿ ಮಾರುವುದು ಎರಡನೆಯದು. ಡಬ್ಬದ ಮೇಲೆ ತಯಾರಕರ ವಿಳಾಸವೇ ಇಲ್ಲದ್ದು ಮೂರನೆಯದು. ರೀಕಂಡಿಷನ್‌ನಲ್ಲೂ ಹೀಗೆಯೇ. ಪೂರ್ತಿ ಬಿಚ್ಚಿ, ತೊಳೆದು, ಅಳತೆ ಮಾಡಿ, ಸವೆಯುವ ಭಾಗಗಳನ್ನೆಲ್ಲ ಬದಲಿಸಿ, ಟೆಸ್ಟ್ ಬೆಂಚಿನ ಮೇಲೆ ಓಡಿಸಿ ನೋಡಿದ್ದು ನಿಜವಾದ ರೀಮ್ಯಾನುಫ್ಯಾಕ್ಚರ್ಡ್ ಸಾಮಾನು. ಹಾಳಾದ ಒಂದು ಭಾಗ ಮಾತ್ರ ಬದಲಿಸಿ, ಮೇಲೆ ಸಿಲ್ವರ್ ಬಣ್ಣ ಹೊಡೆದದ್ದು ಬರೀ ರಿಪೇರಿ. ಸ್ಕ್ರ್ಯಾಪ್ ಗಾಡಿಯಿಂದ ಬಿಚ್ಚಿ ತಂದು ಒರೆಸಿ ಇಟ್ಟಿದ್ದನ್ನೂ ರೀಕಂಡಿಷನ್ ಎಂದೇ ಮಾರುವವರಿದ್ದಾರೆ. ವಿಳಾಸವಿಲ್ಲದ ಹೊಸ ಡೈನಮೋಕ್ಕಿಂತ, ನಿಮ್ಮದೇ ಕಾರಿನ ಹಳೆ ಲ್ಯೂಕಾಸ್ ಅಥವಾ ಡೆನ್ಸೊ ಹೌಸಿಂಗಿಗೆ ಒಳ್ಳೆ ಬೇರಿಂಗ್ ಹಾಕಿ ಮಾಡಿಸಿದ್ದು ಹೆಚ್ಚು ಬಾಳುತ್ತದೆ. ಹಳೆಯದನ್ನು ಕೊಟ್ಟು ಬೇರೆ ರೀಕಂಡಿಷನ್ ಸಾಮಾನು ತರುವ ಎಕ್ಸ್‌ಚೇಂಜಿನಲ್ಲಿ ಬರುವುದು ಯಾರ ಗಾಡಿಯಲ್ಲಿ ಏನು ಅನುಭವಿಸಿ ಬಂದಿದೆಯೋ ತಿಳಿಯದು; ನಿಮ್ಮದರ ಚರಿತ್ರೆ ನಿಮಗೆ ಗೊತ್ತು. ಒಂದು ದಿನ ಗಾಡಿ ನಿಲ್ಲಿಸಲು ಸಾಧ್ಯವಿದ್ದರೆ ನಿಮ್ಮದನ್ನೇ ಮಾಡಿಸಿ.

ಡೈನಮೋದಿಂದಲೇ ಶುರು ಮಾಡೋಣ; ರೀಕಂಡಿಷನ್‌ಗೆ ಇದಕ್ಕಿಂತ ಒಪ್ಪುವ ಸಾಮಾನಿಲ್ಲ. ಇದರಲ್ಲಿ ಸವೆಯುವುದು ಎರಡು ಕಾರ್ಬನ್, ಎರಡು ಬೇರಿಂಗ್, ಕಾರ್ಬನ್ ಉಜ್ಜುವ ತಾಮ್ರದ ಸ್ಲಿಪ್ ರಿಂಗ್. ಕೆಡುವುದು ಡಯೋಡ್ ಪ್ಲೇಟ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮತ್ತು ರೆಗ್ಯುಲೇಟರ್ (ವೋಲ್ಟೇಜ್ ಹಿಡಿತದಲ್ಲಿಡುವ ಭಾಗ). ಬಿಚ್ಚಿದಾಗ ಎದುರಿಗೇ ನಿಂತು ಮೂರು ವಿಷಯ ನೋಡಿ. ಮೊದಲನೆಯದು ಸ್ಲಿಪ್ ರಿಂಗ್. ಹಳೆ ಕಾರ್ಬನ್ ಉಜ್ಜಿ ಉಜ್ಜಿ ತಾಮ್ರದಲ್ಲಿ ತೋಡು ಬಿದ್ದಿರುತ್ತದೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಅದನ್ನು ಲೇತ್‌ನಲ್ಲಿ ಸಮ ಮಾಡಿಸದೆ ಹೊಸ ಕಾರ್ಬನ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೂ ತಿಂದುಹೋಗುತ್ತದೆ. ಎರಡನೆಯದು ಬೇರಿಂಗ್. ಸಣ್ಣ ಕಾರುಗಳಲ್ಲಿ ಮುಂದೆ 6303, ಹಿಂದೆ 6202 ಅಥವಾ 6203 ಸಾಮಾನ್ಯ. ನಂಬರ್ ಬೇರಿಂಗಿನ ಮೇಲೇ ಕೊರೆದಿರುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವ, ಸಿ3 ಕ್ಲಿಯರೆನ್ಸಿನ (ಕಾವಿಗೆ ಹಿಗ್ಗಲು ಒಳಗೆ ಸ್ವಲ್ಪ ಹೆಚ್ಚು ಸಡಿಲಿರುವ) ಒಳ್ಳೆ ಕಂಪನಿಯದನ್ನೇ ಕೇಳಿ. ಏಪ್ರಿಲ್-ಮೇನಲ್ಲಿ ಇಲ್ಲಿ ಹೊರಗೇ 42 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗಿನ ಕಾವು ಅದಕ್ಕಿಂತ ಎಷ್ಟೋ ಹೆಚ್ಚು. ಅಗ್ಗದ ಬೇರಿಂಗಿನ ಗ್ರೀಸ್ ಆ ಕಾವಿಗೆ ಕರಗಿ ಹೊರಬಂದು ಊಳಿಡಲು ಶುರುವಾಗುತ್ತದೆ. ಸೇಡಂ, ವಾಡಿ, ಚಿತ್ತಾಪುರ ಕಡೆ ದಿನಾ ಓಡುವ ಗಾಡಿಗಳಿಗೆ ಸಿಮೆಂಟ್ ಧೂಳಿನ ಕಾಟ ಬೇರೆ, ಹಾಗಾಗಿ ಸೀಲಿನ ವಿಷಯದಲ್ಲಿ ರಾಜಿ ಬೇಡ. ಮೂರನೆಯದು ಸ್ಟೇಟರ್ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಾಮ್ರದ ತಂತಿ. ತಂತಿ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ, ಹೊಸದು ತನ್ನಿ. ಕೈಯಲ್ಲಿ ಮಾಡಿದ ರಿವೈಂಡಿಂಗಿನಲ್ಲಿ ತಂತಿಯ ಗೇಜ್, ಸುತ್ತಿನ ಲೆಕ್ಕ ಸ್ವಲ್ಪ ತಪ್ಪಿದರೂ ಐಡಲ್‌ನಲ್ಲಿ ಚಾರ್ಜಿಂಗ್ ಬೀಳುತ್ತದೆ. ಒಂದು ಡಯೋಡ್ ಮಾತ್ರ ಬದಲಿಸುವುದೂ ಬೇಡ. ಅದೇ ಕಾವು ತಿಂದ ಉಳಿದವು ಹಿಂದೆಯೇ ಹೋಗುತ್ತವೆ. ಪ್ಲೇಟ್ ಪೂರ್ತಿ ಬದಲಿಸಿ.

ಹೊಸದಿರಲಿ, ಮಾಡಿಸಿದ್ದಿರಲಿ, ಸತ್ತ ಬ್ಯಾಟರಿ ಇರುವ ಗಾಡಿಗೆ ಡೈನಮೋ ಕೂರಿಸಬೇಡಿ. ಖಾಲಿ ಬ್ಯಾಟರಿ ತುಂಬಿಸಲು ಅದು ಮೊದಲ ದಿನವೇ ಪೂರ್ತಿ ಲೋಡಿನಲ್ಲಿ ಓಡಿ ಡಯೋಡ್ ಸುಟ್ಟುಕೊಳ್ಳಬಹುದು. ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿ, ನಿಂತಾಗ 12.6 ವೋಲ್ಟ್ ತೋರಿಸಿದ ಮೇಲೆ ಫಿಟ್ ಮಾಡಿಸಿ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್‌ನಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಬ್ಲೋವರ್, ಎಸಿ ಎಲ್ಲ ಹಾಕಿ 2000 ಆರ್‌ಪಿಎಂಗೆ ಏರಿಸಿದಾಗ 13.5ಕ್ಕಿಂತ ಕೆಳಗೆ ಇಳಿಯಬಾರದು. ಮಲ್ಟಿಮೀಟರನ್ನು ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗೆ ತಿರುಗಿಸಿ ಅಲ್ಲೇ ಇಡಿ, 0.5ಕ್ಕಿಂತ ಹೆಚ್ಚು ತೋರಿಸಿದರೆ ಡಯೋಡ್ ಸರಿಯಿಲ್ಲ. ಮೀಟರ್ ಇಲ್ಲದವರು ಮರುದಿನ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಡೈನಮೋದ ಹಿಂಭಾಗ ಮುಟ್ಟಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದೊಂದೇ ಬೆಚ್ಚಗಿದ್ದರೆ ಡಯೋಡ್ ಮೂಲಕ ಬ್ಯಾಟರಿ ಕರೆಂಟ್ ಸೋರುತ್ತಿದೆ ಎಂದು ಅರ್ಥ. ವೋಲ್ಟೇಜ್ ಕಡಿಮೆ ಬಂದ ಕೂಡಲೇ ಸಾಮಾನಿಗೆ ಬೈಯುವ ಮೊದಲು ಇಂಜಿನ್‌ನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ಥಿಂಗ್ ಪಟ್ಟಿ ಉಜ್ಜಿಸಿ. ಡೈನಮೋ ಬಾಡಿಗೂ ಬ್ಯಾಟರಿ ಮೈನಸ್‌ಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ತಪ್ಪು ಅರ್ಥಿಂಗ್‌ನದು.

ಸೆಲ್ಫ್ ಮೋಟಾರಿಗೂ ಇದೇ ಲೆಕ್ಕ. ಕಾರ್ಬನ್, ಬುಷ್, ಬೆಂಡಿಕ್ಸ್ (ಇಂಜಿನ್ ಫ್ಲೈವೀಲಿಗೆ ಸಿಕ್ಕಿ ತಿರುಗಿಸುವ ಹಲ್ಲುಚಕ್ರ), ಸೊಲೆನಾಯ್ಡ್ (ಸೆಲ್ಫಿನ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್, ಇಷ್ಟು ಬದಲಿಸಿದರೆ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ. ಎಳೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ, ಕೇಬಲ್ ನೋಡಿಸಿ. ಸೆಲ್ಫ್ ಬಿಚ್ಚಿದಾಗ ಟಾರ್ಚ್ ಬಿಟ್ಟು ಫ್ಲೈವೀಲ್ ರಿಂಗಿನ ಹಲ್ಲುಗಳನ್ನು ಪೂರ್ತಿ ತಿರುಗಿಸಿ ನೋಡಬೇಕು. ಹಲ್ಲು ತಿಂದಿದ್ದರೆ ಎಂಥ ಹೊಸ ಬೆಂಡಿಕ್ಸ್ ಹಾಕಿದರೂ ಕರ್ರ್ ಎನ್ನುತ್ತದೆ.

ಎಸಿ ಕಂಪ್ರೆಸರ್ ವಿಷಯದಲ್ಲಿ ನನ್ನ ನಿಲುವು ಬೇರೆ. ಬರೀ ಶಬ್ದ ಬರುತ್ತಿದ್ದು, ಎಸಿ ಆಫ್ ಮಾಡಿದಾಗಲೂ ಅದು ನಿಲ್ಲದಿದ್ದರೆ ಅನೇಕ ಸಲ ಅದು ಕ್ಲಚ್ ಪುಲ್ಲಿಯ ಬೇರಿಂಗ್. ಗ್ಯಾಸ್ ತೆಗೆಯದೆ ಅದೊಂದನ್ನೇ ಬದಲಿಸಲು ಬರುತ್ತದೆ. ಶಾಫ್ಟ್ ಸೀಲ್ ಸೋರುತ್ತಿದ್ದರೆ ಸೀಲ್ ಬದಲಿಸಿದರೆ ಸಾಕು. ಆದರೆ ಕಂಪ್ರೆಸರ್ ಒಳಗೇ ತಿಂದು ಜಾಮ್ ಆಗಿದ್ದರೆ, ತೆಗೆದ ಎಣ್ಣೆಯಲ್ಲಿ ಬೆಳ್ಳಿಪುಡಿಯಂಥ ಲೋಹದ ಚೂರು ಕಂಡರೆ, ರೀಕಂಡಿಷನ್ ಯೋಚನೆ ಬಿಡಿ. ಸುಬ್ರೋಸ್, ಡೆನ್ಸೊದಂಥ ಹೊಸದನ್ನು, ಗಾಡಿಯಲ್ಲಿ ಮೊದಲಿದ್ದ ಮಾದರಿಗೆ ಸರಿಹೊಂದುವುದನ್ನು ತರಿಸಿ. ಅದರ ಜೊತೆಗೆ ಕಂಡೆನ್ಸರ್ (ರೇಡಿಯೇಟರ್ ಹತ್ತಿರ ಗ್ಯಾಸಿನ ಕಾವು ಇಳಿಸುವ ಜಾಲರಿ) ಕೂಡ ಬದಲಿಸಬೇಕು. ಈಗಿನ ಕಂಡೆನ್ಸರಿನ ಕೊಳವೆಗಳು ಎಷ್ಟು ಸಣ್ಣವೆಂದರೆ ಫ್ಲಶ್ ಮಾಡಿದರೂ ಚೂರು ಪೂರ್ತಿ ಹೊರಬರುವುದಿಲ್ಲ. ಆ ಚೂರೇ ತಿರುಗಿ ಬಂದು ಹೊಸ ಕಂಪ್ರೆಸರನ್ನೂ ತಿನ್ನುತ್ತದೆ. "ರೀಕಂಡಿಷನ್ ಕಂಪ್ರೆಸರ್ ಎರಡೇ ತಿಂಗಳಿಗೆ ಹೋಯ್ತು" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ರಿಸೀವರ್ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಪ್ರತಿ ಸಲವೂ ಹೊಸದು. ಹಳೆ ಕಂಪ್ರೆಸರಿನಿಂದ ಎಣ್ಣೆ ಬಗ್ಗಿಸಿ ಅಳೆದು, ಹೊಸದರಲ್ಲಿ ಅಷ್ಟೇ ಉಳಿಸಬೇಕು. ಕಂಡೆನ್ಸರ್, ಡ್ರೈಯರ್ ಬದಲಿಸಿದ್ದರೆ ಅವುಗಳ ಪಾಲು ಮ್ಯಾನ್ಯುವಲ್ ಪ್ರಕಾರ ಸೇರಿಸಬೇಕು. ಎಣ್ಣೆ ಹೆಚ್ಚಾದರೆ ತಂಪು ಕಡಿಮೆ, ಕಡಿಮೆಯಾದರೆ ಕಂಪ್ರೆಸರಿಗೇ ಸಾವು. ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ (ಪಂಪಿನಿಂದ ಒಳಗಿನ ಗಾಳಿ, ತೇವ ಎಳೆಯುವುದು) ಕನಿಷ್ಠ 30 ನಿಮಿಷ ಹಿಡಿಸಿ. ಗ್ಯಾಸ್ ಎಷ್ಟು ಗ್ರಾಂ ಎಂದು ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ತೂಕ ಮಾಡಿ ತುಂಬಿಸಲಿ. ಪೈಪ್ ಮುಟ್ಟಿ ತಂಪು ನೋಡಿ ಅಂದಾಜಿಗೆ ತುಂಬುವುದು ಕೆಲಸವಲ್ಲ.

ಬ್ರೇಕಿನಲ್ಲಿ ಉಳಿತಾಯದ ಲೆಕ್ಕ ಹಾಕಲೇಬಾರದು. ಪ್ಯಾಡ್, ಶೂ, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಹೋಸ್ ಎಲ್ಲ ಹೊಸದು, ಹೆಸರಿರುವ ಕಂಪನಿಯದು. ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಮಾತ್ರ ರಬ್ಬರ್ ಸೀಲಿನ ಕಿಟ್ ಹಾಕಿಸಿ ಉಳಿಸಿಕೊಳ್ಳಬಹುದು, ಅದೂ ಪಿಸ್ಟನ್ ಮೇಲೆ ತುಕ್ಕಿನ ಗುಂಡಿ ಇಲ್ಲದಿದ್ದರೆ. ಕಿಟ್ ಹಾಕುವ ಮುಂಚೆ ಭಾಗಗಳನ್ನು ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವುದು ನಮ್ಮ ಗ್ಯಾರೇಜುಗಳ ರೂಢಿ. ಆ ಎಣ್ಣೆಯ ಪಸೆ ಉಳಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ, ಪಿಸ್ಟನ್ ಹಿಂದೆ ಸರಿಯುವುದಿಲ್ಲ, ಚಕ್ರ ಹಿಡಿದುಕೊಳ್ಳುತ್ತದೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಲು ಹೇಳಿ. ರಿಲೈನಿಂಗ್ ಮಾಡಿದ (ಸವೆದ ಪದರದ ಜಾಗಕ್ಕೆ ಹೊಸ ಪದರ ಕೂರಿಸಿದ) ಕ್ಲಚ್ ಪ್ಲೇಟೂ ಬೇಡ. ಗೇರ್‌ಬಾಕ್ಸ್ ಎರಡನೇ ಸಲ ಇಳಿಸುವ ಕೂಲಿಯಲ್ಲೇ ಉಳಿತಾಯ ಕರಗುತ್ತದೆ. ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ಟೆನ್ಶನರ್ ಮೂರೂ ಹೊಸದು, ಮೂರೂ ಒಟ್ಟಿಗೆ. ಇಲ್ಲಿಯದು ಶಹಾಬಾದ್ ಕಲ್ಲಿನ ನೆಲ, ಬೋರಿನ ನೀರಲ್ಲಿ ಸುಣ್ಣ ಹೆಚ್ಚು. ಆ ನೀರು ರೇಡಿಯೇಟರಿಗೆ ಹಾಕಿದರೆ ಹೊಸ ಪಂಪಿನ ಸೀಲೂ ಉಳಿಯುವುದಿಲ್ಲ. ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಬೆರೆಸಿಯೇ ಹಾಕಿ.

ಸ್ಟೇರಿಂಗ್ ರ‍್ಯಾಕ್ ಸೋರುತ್ತಿದ್ದರೆ ರಾಡಿನ ಕ್ರೋಮ್ ನುಣುಪಾಗಿರುವ ತನಕ ಸೀಲ್ ಕಿಟ್ ನಡೆಯುತ್ತದೆ. ತುಕ್ಕಿನ ಚುಕ್ಕೆ ಬಿದ್ದ ರಾಡು ಹೊಸ ಸೀಲನ್ನೂ ಹರಿದು ಹಾಕುತ್ತದೆ.

ಡೀಸೆಲ್ ಗಾಡಿಯವರಿಗೆ ಒಂದು ಮಾತು. ಕಾಮನ್‌ರೇಲ್ ಇಂಜೆಕ್ಟರ್ (ಇಂಜಿನ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ನಾಲ್ಕೂ ಹೊಸದು ಹಾಕಿಸುವ ಖರ್ಚು ಹಳೆ ಗಾಡಿಗೆ ಭಾರವೇ, ಹಾಗಾಗಿ ರೀಕಂಡಿಷನ್ ಇಲ್ಲಿ ನ್ಯಾಯವಾದ ದಾರಿ. ಷರತ್ತು ಇಷ್ಟು: ಟೆಸ್ಟ್ ಬೆಂಚಿನ ರಿಪೋರ್ಟ್ ಪ್ರತಿ ಇಂಜೆಕ್ಟರಿಗೂ ಬೇರೆ ಬೇರೆ ಕೊಡಬೇಕು, ಕೆಳಗಿನ ತಾಮ್ರದ ವಾಷರ್ ಹೊಸದಿರಬೇಕು, ಇಂಜೆಕ್ಟರ್ ಮೇಲಿನ ಕೋಡನ್ನು ಸ್ಕ್ಯಾನರ್‌ನಿಂದ ಇಂಜಿನ್ ಕಂಪ್ಯೂಟರ್ ಆದ ಇಸಿಯುಗೆ ಹಾಕಬೇಕು. ಕೋಡ್ ಹಾಕದಿದ್ದರೆ ಗಾಡಿ ನಡುಗುತ್ತದೆ, ಹೊಗೆ ಬಿಡುತ್ತದೆ. ಟರ್ಬೊಗೆ ಬ್ಯಾಲೆನ್ಸ್ ಮಾಡಿದ ಕಾರ್ಟ್ರಿಜ್ (ಒಳಗೆ ತಿರುಗುವ ಭಾಗದ ಜೋಡಣೆ) ಸಿಗುತ್ತದೆ, ಹಾಕಿಸಬಹುದು. ಆದರೆ ಹಳೆ ಟರ್ಬೊ ಎಣ್ಣೆ ಸಿಗದೆ ಸತ್ತಿದ್ದರೆ, ಅದಕ್ಕೆ ಎಣ್ಣೆ ತರುವ ಕಟ್ಟಿಕೊಂಡ ಪೈಪ್ ಬದಲಿಸದೆ ಹೊಸದು ಕೂರಿಸಿದರೂ ಗತಿ ಅದೇ.

ಇನ್ನು ದರ. 2025ರ ಸೆಪ್ಟೆಂಬರ್ 22ರಿಂದ ಆಟೊ ಬಿಡಿಭಾಗಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಮೊದಲು ಅನೇಕ ಸಾಮಾನಿಗೆ ಶೇ 28 ಇತ್ತು. ಹೊಸದಕ್ಕೂ ರೀಕಂಡಿಷನ್‌ಗೂ ಇದ್ದ ಅಂತರ ಅಷ್ಟರಮಟ್ಟಿಗೆ ಕಡಿಮೆಯಾಗಿದೆ, ಹಳೆ ಅಂದಾಜಿನಲ್ಲಿ ಲೆಕ್ಕ ಹಾಕಬೇಡಿ. ರೀಕಂಡಿಷನ್ ಖರ್ಚು ಹೆಸರಿರುವ ಹೊಸದರ ಶೇ 60 ದಾಟಿದರೆ ಹೊಸದೇ ಲಾಭ. ಸೊಲ್ಲಾಪುರ ಅಥವಾ ಹೈದರಾಬಾದಿನಿಂದ ತರಿಸುವುದಾದರೆ ಹಳೆ ಸಾಮಾನಿನ ಮೇಲಿನ ಪಾರ್ಟ್ ನಂಬರಿನ ಫೋಟೊ ವಾಟ್ಸ್ಆ್ಯಪ್ ಮಾಡಿ. "ಸ್ವಿಫ್ಟ್ ಡೈನಮೋ" ಎಂದಷ್ಟೇ ಹೇಳಿದರೆ ಬೇರೆ ಪುಲ್ಲಿ, ಬೇರೆ ಕನೆಕ್ಟರಿನದು ಬಂದು ಕೂರುತ್ತದೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದಿದ್ದರೂ, ಬಂದದ್ದನ್ನು ಪಕ್ಕದಲ್ಲಿಟ್ಟು ಬೋಲ್ಟ್ ತೂತು, ಪುಲ್ಲಿಯ ತೋಡು, ಕನೆಕ್ಟರ್ ಪಿನ್ ತಾಳೆ ನೋಡುವ ತನಕ ಕೈಬಿಡಬೇಡಿ. ಬಿಲ್ಲಿನಲ್ಲಿ ಬದಲಿಸಿದ ಭಾಗಗಳ ಹೆಸರು, ವಾರಂಟಿ ಎಷ್ಟು ತಿಂಗಳು, ಮತ್ತೆ ಕೆಟ್ಟರೆ ಬಿಚ್ಚಿ ಹಾಕುವ ಕೂಲಿ ಯಾರದು, ಇವನ್ನು ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ.