ಕೋಲು, ನೆರಳು, ಬೀದರ್‌ಗೊಂದು ಫೋನ್: ಮಕ್ಕಳ ಕೈಯಲ್ಲಿ ಭೂಮಿ ಅಳೆಸುವ ಕಮ್ಮಟ

ವಿಜ್ಞಾನ ಕಮ್ಮಟ ಎಂದರೆ ಸಾಮಾನ್ಯವಾಗಿ ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ನೊರೆ ಉಕ್ಕಿಸುವುದು. ಮಕ್ಕಳು ಕುಣಿಯುತ್ತಾರೆ, ಸರಿ. ಆದರೆ ಅಲ್ಲಿ ಅಳೆಯುವುದಕ್ಕೂ ತಪ್ಪುವುದಕ್ಕೂ ಏನೂ ಇಲ್ಲ. ಆರನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಒಂದು ಮಧ್ಯಾಹ್ನ ಪೂರ್ತಿ ಕೈತುಂಬ ಕೆಲಸ ಬೇಕಿದ್ದರೆ ಶೂನ್ಯ ನೆರಳಿನ ದಿನಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ನಮ್ಮ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೇರ ನಿಂತ ಕೋಲಿನ ನೆರಳು ಆಚೀಚೆ ಬೀಳುವುದಿಲ್ಲ, ಅದೇ ಶೂನ್ಯ ನೆರಳಿನ ದಿನ. ವರ್ಷಕ್ಕೆ ಎರಡೇ ದಿನ. ‘ದಿನಾ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ’ ಎಂಬ ಮಾತನ್ನು ಮಕ್ಕಳು ಎಷ್ಟು ಗಟ್ಟಿಯಾಗಿ ನಂಬಿರುತ್ತಾರೆಂದರೆ, ಮೊದಲ ಹತ್ತು ನಿಮಿಷ ಇದರ ಮೇಲೆ ಜಗಳವಾಗಲು ಬಿಡುವುದೇ ಒಳ್ಳೆಯದು. ಬೆಂಗಳೂರಿಗೆ ಆ ದಿನ ಏಪ್ರಿಲ್ 24 ಅಥವಾ 25, ಮತ್ತೆ ಆಗಸ್ಟ್ 18ರ ಸುಮಾರಿಗೆ. ಹುಬ್ಬಳ್ಳಿಗೆ ಮೇ ಮೊದಲ ವಾರದಲ್ಲಿ, ಬೀದರ್‌ಗೆ ಮೇ 11ರ ಹೊತ್ತಿಗೆ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಬಿಸಿಲು ಇರುವುದಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು ಇರುತ್ತದೆ, ಶಾಲೆ ಇರುವುದಿಲ್ಲ. ಆದ್ದರಿಂದ ಇದು ಬೇಸಿಗೆ ಶಿಬಿರಕ್ಕೆ ಹೇಳಿ ಮಾಡಿಸಿದ ಕಮ್ಮಟ.

ಗಡಿಯಾರ ಹನ್ನೆರಡು ತೋರಿಸಿದಾಗ ನೆರಳು ಮಾಯವಾಗುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು 4.9 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಹತ್ತಿರ ಹತ್ತಿರ 20 ನಿಮಿಷ ತಡ. ಏಪ್ರಿಲ್ ಕೊನೆಯಲ್ಲಿ ಅದರಲ್ಲಿ ಎರಡು ನಿಮಿಷ ಕಳೆಯಬೇಕು. ಹಾಗಾಗಿ ನಿಜವಾದ ನಡುಹಗಲು 12:17ರಿಂದ 12:18. ಆಗಸ್ಟ್ 18ಕ್ಕಾದರೆ 12:24ರ ಆಸುಪಾಸು. ಹನ್ನೆರಡಕ್ಕೇ ಫೋಟೋ ಹೊಡೆದು ‘ಇನ್ನೂ ನೆರಳಿದೆಯಲ್ಲ’ ಎಂದು ಪೆಟ್ಟಿಗೆ ಕಟ್ಟಿ ಹೊರಡುವವರು ಪ್ರತಿ ವರ್ಷ ಇರುತ್ತಾರೆ.

ಬಹಳ ಕಡೆ ಪ್ಲಾಸ್ಟಿಕ್ ಪೈಪು ನಿಲ್ಲಿಸಿ ನೆರಳು ಇಲ್ಲವೆಂದು ತೋರಿಸಿ ಮುಗಿಸುತ್ತಾರೆ. ನೋಡಲು ಅದು ಸಾಕು, ಅಳೆಯಲು ಸಾಲದು.   ಏಪ್ರಿಲ್ ಕೊನೆಯಲ್ಲಿ ಸೂರ್ಯ ದಿನಕ್ಕೆ ಸುಮಾರು ಡಿಗ್ರಿಯ ಮೂರನೇ ಒಂದರಷ್ಟು ಉತ್ತರಕ್ಕೆ ಸರಿಯುತ್ತಾನೆ, ಅಂದರೆ ಒಂದು ಮೀಟರಿಗೆ 6 ಮಿ.ಮೀ. ಹಾಗಾಗಿ ಹಿಂದಿನ ದಿನವೂ ಮರುದಿನವೂ ಪೈಪಿನ ಬುಡದಾಚೆ ಚಾಚುವ ನೆರಳು ಅಷ್ಟೇ, ಕಣ್ಣಂದಾಜಿಗೆ ಅದೂ ‘ಶೂನ್ಯ ನೆರಳು’ ಎನ್ನಿಸಬಹುದು! ಜೊತೆಗೆ ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಆದ್ದರಿಂದ ಕೋಲಿನ ತುದಿಯ ನೆರಳು 9 ಮಿ.ಮೀ.ಯಷ್ಟು ಮಸುಕಾಗಿ ಹರಡಿರುತ್ತದೆ. ನೆರಳು ಎಲ್ಲಿ ಮುಗಿಯಿತು ಎಂದು ಐದು ಮಕ್ಕಳನ್ನು ಕೇಳಿದರೆ ಐದು ಜಾಗ ತೋರಿಸುತ್ತಾರೆ, ಐವರೂ ಸರಿ.

ಇದಕ್ಕೆ ಉಪಾಯ ಕೋಲನ್ನೇ ಬಿಡುವುದು. ಮದುವೆ ಕರೆಯೋಲೆಯ ದಪ್ಪ ಕಾರ್ಡಿನಲ್ಲಿ ಬಾಲ್ ಪೆನ್ನಿನ ರೀಫಿಲ್ ತೂರುವಷ್ಟು, ಅಂದರೆ ಸುಮಾರು 3 ಮಿ.ಮೀ. ತೂತು ಮಾಡಿ. ಮೇಜಿನ ಅಂಚಿನಲ್ಲಿ ಮೂರ್ನಾಲ್ಕು ಇಟ್ಟಿಗೆ ಪೇರಿಸಿ, ಮೇಲಿನ ಇಟ್ಟಿಗೆಯ ಕೆಳಗೆ ಕಾರ್ಡನ್ನು ಸಿಕ್ಕಿಸಿ, ತೂತಿರುವ ಭಾಗ ಮೇಜಿನಾಚೆಗೆ ಚಾಚಿರಲಿ. ತೂತು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ ಲೆಕ್ಕ ಸುಲಭ. ಇಲ್ಲದಿದ್ದರೂ ಪರವಾಗಿಲ್ಲ, ಎತ್ತರವನ್ನು ಮಿ.ಮೀ. ಲೆಕ್ಕದಲ್ಲಿ ಬರೆದಿಟ್ಟರಾಯಿತು. ಕೆಳಗೆ ಚಾರ್ಟ್ ಕಾಗದವನ್ನು ನಾಲ್ಕೂ ಮೂಲೆಗೆ ಟೇಪ್ ಹಾಕಿ ಅಂಟಿಸಿ. ಕಾರ್ಡಿನ ನೆರಳಿನ ನಡುವೆ ದುಂಡಗಿನ ಬೆಳಕಿನ ಬೊಟ್ಟು ಬೀಳುತ್ತದೆ. ಅದು ಸೂರ್ಯನದೇ ಚಿತ್ರ, ಸುಮಾರು 12 ಮಿ.ಮೀ. ಅಗಲ. ಬೊಟ್ಟಿನ ಸುತ್ತ ಪೆನ್ಸಿಲ್ ಎಳೆದು ನಡುವಿಗೆ ಚುಕ್ಕೆ ಇಟ್ಟರೆ ಒಂದು ಮಿ.ಮೀ. ಒಳಗೆ ಹಿಡಿಯಬಹುದು.

ತೂತಿನ ನೇರ ಕೆಳಗಿನ ಬಿಂದು ಇಡೀ ಪ್ರಯೋಗದ ಪ್ರಾಣ. ದಾರದ ತುದಿಗೆ ಒಂದು ನಟ್ ಕಟ್ಟಿ ತೂತಿನಿಂದ ಇಳಿಬಿಡಿ, ಅದು ಆಡುವುದು ನಿಂತ ಮೇಲೆ ಕಾಗದದ ಮೇಲೆ ಗುರುತು ಹಾಕಿ, ದಾರ ತೆಗೆಯಿರಿ. ಗಾಳಿ ಇದ್ದರೆ ನಾಲ್ಕು ಮಕ್ಕಳು ಸುತ್ತ ನಿಂತು ತಡೆಯಲಿ. ರಸಮಟ್ಟ ಇಟ್ಟು ನೆಲ ಸರಿ ಮಾಡುವುದರಲ್ಲಿ ಬಹಳ ಜನ ಅರ್ಧ ಗಂಟೆ ಕಳೆಯುತ್ತಾರೆ, ಅದು ಬೇಕಿಲ್ಲ. ನೆರಳು ಹತ್ತಿಪ್ಪತ್ತು ಸೆಂ.ಮೀ. ಒಳಗಿರುವಾಗ ನೆಲ ಒಂದು ಡಿಗ್ರಿ ವಾಲಿದ್ದರೂ ಅರ್ಧ, ಒಂದು ಮಿ.ಮೀ. ವ್ಯತ್ಯಾಸವಷ್ಟೇ. ಆದರೆ ನಿಲ್ಲಿಸಿದ ಕೋಲು ಒಂದು ಡಿಗ್ರಿ ವಾಲಿದರೆ ತುದಿ 17 ಮಿ.ಮೀ. ಸರಿದು ಲೆಕ್ಕವೆಲ್ಲ ಕೆಡುತ್ತದೆ. ದಾರ ಇಳಿಬಿಟ್ಟರೆ ಆ ಭಯವಿಲ್ಲ. ಕೊನೆಯಲ್ಲಿ ಇನ್ನೊಮ್ಮೆ ದಾರ ಇಳಿಬಿಟ್ಟು ನೋಡಿ: ಗುರುತು 2 ಮಿ.ಮೀ.ಗಿಂತ ಹೆಚ್ಚು ತಪ್ಪಿದ್ದರೆ ನಡುವೆ ಯಾರೋ ಮೇಜು ದೂಡಿದ್ದಾರೆ.

11:45ಕ್ಕೆ ಶುರುಮಾಡಿ ಐದೈದು ನಿಮಿಷಕ್ಕೊಂದು ಚುಕ್ಕೆ, 12:05ರಿಂದ 12:30ರವರೆಗೆ ಎರಡು ನಿಮಿಷಕ್ಕೊಂದು. ಬೊಟ್ಟು ನಿಮಿಷಕ್ಕೆ ನಾಲ್ಕು ಮಿ.ಮೀ.ಯಂತೆ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆ. ಅದು ಕಣ್ಣಿಗೇ ಕಾಣುತ್ತದೆ, ಮಕ್ಕಳು ಎಲ್ಲಕ್ಕಿಂತ ಹೆಚ್ಚು ಬೆರಗಾಗುವುದೂ ಇಲ್ಲೇ. ಚುಕ್ಕೆಗಳು ಹತ್ತಿರ ಹತ್ತಿರ ಒಂದು ನೇರ ಗೆರೆಯಾಗುತ್ತವೆ. ನಡುಹಗಲಿನ ಹಿಂದೆ ಮುಂದೆ 15 ನಿಮಿಷದ ಚುಕ್ಕೆಗಳಿಗೆ ಮಾತ್ರ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ. ಅದರಾಚೆ ಗೆರೆ ಎರಡು ಮೂರು ಮಿ.ಮೀ. ಬಾಗಿರುತ್ತದೆ. ದಾರದ ಗುರುತಿನಿಂದ ಗೆರೆಗೆ ಲಂಬವಾಗಿ ಎಷ್ಟು ದೂರವೋ ಅದೇ ಅತಿ ಚಿಕ್ಕ ನೆರಳು. ಸರಿಯಾದ ನಿಮಿಷ ಹಿಡಿಯಲೇಬೇಕೆಂದಿಲ್ಲ. 12:17ಕ್ಕೇ ಮೋಡ ಅಡ್ಡ ಬಂದರೂ ಆಚೀಚೆಯ ಚುಕ್ಕೆಗಳು ಕಾಪಾಡುತ್ತವೆ.

ಭೂಮಿ ಅಳೆಯಲು ನೇರ ಉತ್ತರಕ್ಕೆ ಇನ್ನೊಂದು ಊರಿನ ನೆರಳೂ ಬೇಕು, ಅದಕ್ಕೇ ಬೀದರ್‌ಗೊಂದು ಫೋನ್. ಬೆಂಗಳೂರು 77.6, ಬೀದರ್ 77.5 ಡಿಗ್ರಿ ರೇಖಾಂಶದಲ್ಲಿವೆ. ಒಂದರ ಮೇಲೊಂದು ಇಟ್ಟಂತೆ. ಎರಡೂ ಊರಿಗೆ ನಡುಹಗಲು ಒಂದೇ ಹೊತ್ತಿಗೆ. ಅಲ್ಲಿನ ಒಂದು ಶಾಲೆಯೋ ಪರಿಚಯದ ಮನೆಯೋ ಇದೇ ಕಾರ್ಡು, ಇದೇ ಎತ್ತರ ಇಟ್ಟುಕೊಂಡು ಅಳೆದರೆ, ಬೆಂಗಳೂರಿನಲ್ಲಿ ನೆರಳಿಲ್ಲದ ಹೊತ್ತಿಗೆ ಅಲ್ಲಿ 86 ಮಿ.ಮೀ. ಆಸುಪಾಸಿನ ನೆರಳು ಸಿಗಬೇಕು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯಾ ಊರುಗಳನ್ನು ಇಟ್ಟುಕೊಂಡು ಮಾಡಿದ್ದು ಇದನ್ನೇ. ನಮ್ಮ ಜ್ಯೋತಿಷಿಗಳೂ ಹನ್ನೆರಡು ಅಂಗುಲದ ಶಂಕು ನೆಟ್ಟು ನೆರಳು ಅಳೆಯುತ್ತಿದ್ದರು. ಆ ಶಂಕು ಈಗ ಶಂಕುಸ್ಥಾಪನೆಯ ಕಲ್ಲಿನಲ್ಲಿ ಮಾತ್ರ ಉಳಿದಿದೆ.

ಕೋನ, ತ್ರಿಕೋನಮಿತಿ ಬೇಡ. ಐದು ಡಿಗ್ರಿಯನ್ನು ಕೋನಮಾಪಕದಲ್ಲಿ ಓದುವಾಗ ಅರ್ಧ ಡಿಗ್ರಿ ತಪ್ಪಿದರೆ ನೂರಕ್ಕೆ ಹತ್ತು ಹೋಯಿತು. ಕೋನ ಇಷ್ಟು ಚಿಕ್ಕದಿರುವಾಗ ಸರಳ ಅನುಪಾತ ಸಾಕು: ತೂತಿನ ಎತ್ತರಕ್ಕೆ ನೆರಳು ಹೇಗೋ, ಭೂಮಿಯ ತ್ರಿಜ್ಯಕ್ಕೆ ಊರುಗಳ ದೂರ ಹಾಗೆ. ಎರಡು ಊರುಗಳ ಉತ್ತರ ದಕ್ಷಿಣ ನೇರ ದೂರ 546 ಕಿ.ಮೀ. ಅದನ್ನು ತೂತಿನ ಎತ್ತರವಾದ 1,000 ಮಿ.ಮೀ.ಯಿಂದ ಗುಣಿಸಿ ನೆರಳಿನ 86ರಿಂದ ಭಾಗಿಸಿದರೆ 6,349 ಕಿ.ಮೀ. ಬರುತ್ತದೆ. ನಿಜವಾದ ಸರಾಸರಿ ತ್ರಿಜ್ಯ 6,371. ಒಂದು ಮಿ.ಮೀ. ತಪ್ಪಿಗೆ ಉತ್ತರ ಎಪ್ಪತ್ತು ಚಿಲ್ಲರೆ ಕಿ.ಮೀ. ಕದಲುತ್ತದೆ. ಬೆಂಗಳೂರಿನಲ್ಲೂ ಗೆರೆ ಗುರುತಿನಿಂದ ಮೂರು ಮಿ.ಮೀ. ಉತ್ತರಕ್ಕಿದ್ದರೆ ಅದನ್ನು ಬೀದರ್ ನೆರಳಿನಿಂದ ಕಳೆಯಿರಿ, ದಕ್ಷಿಣಕ್ಕಿದ್ದರೆ ಕೂಡಿಸಿ. ಉತ್ತರ ಗೊತ್ತಾಗುವವರೆಗೂ 6,371 ಎಂಬ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯಬೇಡಿ. ಬರೆದರೆ ಪೆನ್ಸಿಲ್ ಚುಕ್ಕೆಗಳು ತಾವಾಗಿಯೇ ಅತ್ತ ಜರುಗಲು ಶುರುವಾಗುತ್ತವೆ.

ದೂರದ ವಿಷಯದಲ್ಲಿ ಎಡವುವವರೇ ಹೆಚ್ಚು. ರಸ್ತೆಯ ದೂರ 650 ಕಿ.ಮೀ. ಮೀರುತ್ತದೆ, ಅದನ್ನು ಹಾಕಿದರೆ ಭೂಮಿಯ ಸುತ್ತಳತೆ 47 ಸಾವಿರ ದಾಟುತ್ತದೆ. ಅಕ್ಷಾಂಶಗಳ ವ್ಯತ್ಯಾಸವನ್ನು 111ರಿಂದ ಗುಣಿಸಿ ದೂರ ತೆಗೆಯುವುದು ಇನ್ನೂ ಕೆಟ್ಟದ್ದು. ಆ 111ರೊಳಗೇ ಭೂಮಿಯ ಗಾತ್ರ ಕೂತಿದೆ, ಕೇಳಿದ ಪ್ರಶ್ನೆಯನ್ನೇ ಉತ್ತರವಾಗಿ ಬರೆದ ಹಾಗೆ. ರಾಜ್ಯದ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು, ಉತ್ತರ ದಕ್ಷಿಣ ನೇರ ದೂರವನ್ನು ನಕ್ಷೆಯ ಅಳತೆಪಟ್ಟಿಯಿಂದ ಮಕ್ಕಳೇ ತೆಗೆಯಲಿ. ಮಂಗಳೂರನ್ನು ಜೋಡಿಯಾಗಿ ಆರಿಸಬೇಡಿ. ಅದು ಬೆಂಗಳೂರಿನಷ್ಟೇ ಅಕ್ಷಾಂಶದಲ್ಲಿದೆ, ಅಲ್ಲೂ ನೆರಳಿಲ್ಲ, ಹತ್ತು ನಿಮಿಷ ತಡವಾಗಿ ಅಷ್ಟೇ. ಮೈಸೂರಿಗೆ ಸಿಗುವುದು 12 ಮಿ.ಮೀ. ನೆರಳು. ಅಷ್ಟರಲ್ಲಿ ಭೂಮಿ ಅಳೆಯಲಾಗದು.

ಒಂದು ಗುಂಪಿಗೆ ನಾಲ್ಕೈದು ಮಕ್ಕಳು ಸಾಕು: ಒಬ್ಬರು ಗಡಿಯಾರಕ್ಕೆ, ಒಬ್ಬರು ಪೆನ್ಸಿಲ್‌ಗೆ, ಒಬ್ಬರು ಬರೆಯಲು, ಮಿಕ್ಕವರು ಮೇಜು ಕಾಯಲು. ಟೋಪಿ, ನೀರು, ಕಾಲಿಗೆ ಚಪ್ಪಲಿ ಇರಲಿ. ತಾರಸಿ ಆ ಹೊತ್ತಿಗೆ ಕಾದ ಕಾವಲಿ. ಕೆಳಗೆ ಬಗ್ಗಿ ತೂತಿನ ಮೂಲಕ ಮೇಲೆ ನೋಡುವ ಆಸೆ ಯಾರಿಗಾದರೂ ಹುಟ್ಟೇ ಹುಟ್ಟುತ್ತದೆ. ಅದು ನೇರ ಸೂರ್ಯನನ್ನೇ ನೋಡಿದಂತೆ, ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಇದನ್ನು ಹೊರಗೆ ಹೋಗುವ ಮುಂಚೆಯೇ ಹೇಳಿ, ಬಿಸಿಲಿನಲ್ಲಿ ಮತ್ತೆ ಹೇಳಿ. ಪ್ರತಿ ಹಾಳೆಯ ಮೂಲೆಯಲ್ಲಿ ಊರು, ತಾರೀಖು, ತೂತಿನ ಎತ್ತರ ಬರೆಸಿ ಸುತ್ತಿಟ್ಟುಕೊಳ್ಳಿ. ಆಗಸ್ಟ್ 18ಕ್ಕೆ ಮೋಡ ಸರಿದರೆ ಅದೇ ಹಾಳೆಯನ್ನು ಅದೇ ಗುರುತಿಗೆ ಕೂಡಿಸಿ, ಎರಡನೇ ಗೆರೆ ಎಳೆಯಬಹುದು.