ಗಿಟಾರ್, ಸೀಕ್ವೆನ್ಸರ್ ಮತ್ತು ಐದು ಮಾತ್ರೆ: ನಮ್ಮ ಆಲ್ಬಮ್‌ನ ಕೆಲಸ ಎಲ್ಲಿಗೆ ಬಂತು

ಎಂಟು ಹಾಡುಗಳ ಆಲ್ಬಮ್‌ನಲ್ಲಿ ಐದರ ಧ್ವನಿಮುದ್ರಣ ಈಗ ಮುಗಿದಿದೆ. ಆರನೆಯದಕ್ಕೆ ಡ್ರಮ್ಸ್ ಮತ್ತು ಬೇಸ್ ಸಿದ್ಧವಾಗಿವೆ. ಉಳಿದೆರಡು ಹಾಡುಗಳು ಬೆಂಗಳೂರಿನ ಬನಶಂಕರಿ ಎರಡನೆಯ ಹಂತದ ನಮ್ಮ ಅಭ್ಯಾಸದ ಕೋಣೆಯಲ್ಲಿ ಇನ್ನೂ ರೂಪ ಬದಲಿಸುತ್ತಲೇ ಇವೆ. ಮೊದಲೆರಡು ಹಾಡುಗಳ ಬಗ್ಗೆ ಹಿಂದೆಯೇ ಬರೆದಿದ್ದೇನೆ. ಈ ಬಾರಿ ಮೂರು, ನಾಲ್ಕು ಮತ್ತು ಐದನೆಯ ಹಾಡುಗಳ ಕೆಲಸವನ್ನು ತುಸು ವಿವರವಾಗಿ ದಾಖಲಿಸುತ್ತಿದ್ದೇನೆ, ಏಕೆಂದರೆ ನಾವು ನಿಜವಾಗಿ ಏನನ್ನು ಹುಡುಕುತ್ತಿದ್ದೇವೆ ಎಂಬುದು ನಮಗೆ ಸ್ಪಷ್ಟವಾದದ್ದು ಈ ಮೂರನ್ನು ಕಟ್ಟುವಾಗ.

ರಾಕ್ ಸಂಗೀತದೊಂದಿಗೆ ಎಲೆಕ್ಟ್ರಾನಿಕ್ ಸಂಗೀತವನ್ನು ಬೆಸೆಯುತ್ತೇವೆ ಎಂದಾಗ ಹೆಚ್ಚಿನವರು ಸಿದ್ಧವಾಗಿರುವ ರಾಕ್ ಹಾಡಿನ ಹಿಂದೆ ಸಿಂಥಸೈಸರ್‌ನ ಒಂದು ಪದರವನ್ನು ಕಲ್ಪಿಸಿಕೊಳ್ಳುತ್ತಾರೆ. ಅಂಥ ಹಾಡುಗಳಲ್ಲಿ ಚೆನ್ನಾದವು ಎಷ್ಟೋ ಇವೆ. ಆದರೆ ಅಲ್ಲಿ ಸಿಂಥಸೈಸರ್ ತೆಗೆದುಹಾಕಿದರೂ ಹಾಡು ಹಾಗೆಯೇ ನಿಲ್ಲುತ್ತದೆ. ನಮ್ಮ ಐದು ಜನರ ಬ್ಯಾಂಡ್ ಹಿಡಿದ ಪ್ರಶ್ನೆ ಬೇರೆ. ಒಂದು ಹಾಡಿನಲ್ಲಿ ಡ್ರಮ್ಮರ್ ಮತ್ತು ಯಂತ್ರ (ಮೊದಲೇ ಹೊಂದಿಸಿಟ್ಟ ಸ್ವರ, ಪೆಟ್ಟುಗಳನ್ನು ಹೆಜ್ಜೆ ಹೆಜ್ಜೆಯಾಗಿ ತಾನೇ ನುಡಿಸುವ ಸೀಕ್ವೆನ್ಸರ್) ಇಬ್ಬರೂ ಇರುವಾಗ ಲಯ ಯಾರ ಕೈಯಲ್ಲಿರಬೇಕು? ಯಂತ್ರದ ಕೈಯಲ್ಲಿದ್ದರೆ ಡ್ರಮ್ಮರ್ ಹೆಡ್‌ಫೋನ್‌ನಲ್ಲಿ ವೇಗ ತೋರಿಸುವ ಕ್ಲಿಕ್ ಸದ್ದು ಕೇಳುತ್ತ ಅದಕ್ಕೆ ಅಂಟಿಕೊಳ್ಳಬೇಕು. ಪಲ್ಲವಿ ಬಂದಾಗ ತುಸು ಮುಂದೊತ್ತಿ ನುಡಿಸುವ, ಚರಣಕ್ಕೆ ಇಳಿಯುವಾಗ ಒಂದಿಷ್ಟು ಹಿಂದೆ ಕೂರುವ ಸ್ವಾತಂತ್ರ್ಯ ಅವನಿಗೆ ಉಳಿಯುವುದಿಲ್ಲ. ಡ್ರಮ್ಮರ್ ಕೈಯಲ್ಲಿದ್ದರೆ ಯಂತ್ರದ ಅಚಲತೆ, ಅಂದರೆ ಯಾವುದಕ್ಕಾಗಿ ನಾವು ಅದನ್ನು ಕರೆತಂದೆವೋ ಅದೇ, ಕರಗಿಹೋಗುತ್ತದೆ. ಇದನ್ನು ಒಂದೊಂದು ಹಾಡಿನಲ್ಲಿ ಒಂದೊಂದು ರೀತಿ ಬಗೆಹರಿಸೋಣ ಎಂದು ತೀರ್ಮಾನಿಸಿದ್ದೇವೆ.

ಮೂರನೆಯ ಹಾಡು

ಇದರ ಸಾಹಿತ್ಯವನ್ನು ನಮ್ಮ ಗಾಯಕಿಯೇ ಬರೆದಿದ್ದಾಳೆ, ಅದೂ ಲಲಿತ ರಗಳೆಯ ನಡೆಯಲ್ಲಿ: ಐದು ಮಾತ್ರೆಯ ಗಣ, ಸಾಲಿಗೆ ನಾಲ್ಕು ಗಣ, ಒಟ್ಟು ಇಪ್ಪತ್ತು ಮಾತ್ರೆ. ಡ್ರಮ್ ಯಂತ್ರಗಳ ಜಗತ್ತು ಇದಕ್ಕೆ ತೀರ ಹೊರಗಿನದು. 1980ರಲ್ಲಿ ರೋಲ್ಯಾಂಡ್ ಕಂಪನಿ ಹೊರತಂದ ಟಿಆರ್-808 ಡ್ರಮ್ ಯಂತ್ರದ ಕೆಳಸಾಲಿನಲ್ಲಿ ಹದಿನಾರು ಗುಂಡಿಗಳಿದ್ದವು, ಅಂದಿನಿಂದ ಹದಿನಾರು ಹೆಜ್ಜೆಯ ಆ ಚೌಕಟ್ಟೇ ಸೀಕ್ವೆನ್ಸರ್‌ಗಳ ಸಹಜ ಸ್ಥಿತಿ ಎಂಬಂತಾಗಿದೆ. ಈಗಿನ ಯಂತ್ರಗಳಲ್ಲಿ ಹೆಜ್ಜೆಗಳ ಸಂಖ್ಯೆಯನ್ನು ಇಪ್ಪತ್ತಕ್ಕೆ ಬದಲಿಸುವುದು ಕಷ್ಟವೇನಲ್ಲ, ಹಾಗೆಯೂ ಮಾಡಿ ನೋಡಿದೆವು. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂತಿತು, ಹಾಡು ಮಾತ್ರ ಮಂಕಾಯಿತು.

ಆಮೇಲೆ ಯಂತ್ರವನ್ನು ಹೆಜ್ಜೆಗೊಂದು ಮಾತ್ರೆಯಂತೆ ಅದರ ಹದಿನಾರರಲ್ಲಿಯೇ ಬಿಟ್ಟು, ಡ್ರಮ್ಸ್, ಗಿಟಾರ್ ಮತ್ತು ಗಾಯನವನ್ನು ಐದರಲ್ಲಿ ನಡೆಸಿದೆವು. ಡ್ರಮ್ಮರ್ ನುಡಿಸುವುದು ಕರ್ನಾಟಕ ಸಂಗೀತದ ಐದರ ತಾಳವಾದ ಖಂಡ ಛಾಪಿನ ಎರಡು-ಮೂರರ ವಿಭಾಗ: ಮೊದಲ ಮಾತ್ರೆಗೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್, ಮೂರನೆಯದಕ್ಕೆ ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್. ಯಂತ್ರದ ಹದಿನಾರು ಮತ್ತು ಇವರ ಐದು, ಎರಡರ ಮೊದಲ ಪೆಟ್ಟು ಒಟ್ಟಿಗೆ ಬೀಳಬೇಕಾದರೆ ಎಂಬತ್ತು ಮಾತ್ರೆ ಕಳೆಯಬೇಕು. ಸಾಲಿಗೆ ಇಪ್ಪತ್ತರಂತೆ ನಾಲ್ಕು ಸಾಲಿಗೂ ಎಂಬತ್ತೇ ಮಾತ್ರೆ. ಅಂದರೆ ಗಾಯಕಿ ನಾಲ್ಕು ಸಾಲಿನ ಒಂದು ನುಡಿಯನ್ನು ಮುಗಿಸುವ ಹೊತ್ತಿಗೆ ಸರಿಯಾಗಿ ಯಂತ್ರ ತನ್ನ ಐದು ಸುತ್ತುಗಳನ್ನು ಮುಗಿಸಿರುತ್ತದೆ. ನುಡಿಯ ನಡುವೆ ಎಲ್ಲಿಯೂ ಅವೆರಡೂ ಕೂಡುವುದಿಲ್ಲ, ನುಡಿ ಮುಗಿದಾಗ ಕೂಡದೆ ಇರುವುದಿಲ್ಲ. ನಿಮಿಷಕ್ಕೆ 100 ಪೆಟ್ಟಿನ ವೇಗದಲ್ಲಿ, ಪೆಟ್ಟಿಗೆ ನಾಲ್ಕು ಮಾತ್ರೆಯಂತೆ, ಒಂದು ಮಾತ್ರೆಗೆ 150 ಮಿಲಿಸೆಕೆಂಡ್, ಆದ್ದರಿಂದ ಹನ್ನೆರಡು ಸೆಕೆಂಡಿಗೊಮ್ಮೆ ಈ ಸಂಧಿ ಬರುತ್ತದೆ. ಕೇಳುಗರು ಲೆಕ್ಕ ಹಾಕುವುದಿಲ್ಲ. ಆದರೆ ಹಾಡನ್ನು ಕೇಳಿಸಿದ ಸ್ನೇಹಿತರೆಲ್ಲರೂ ಸರಿಯಾಗಿ ಆ ಸಂಧಿಯಲ್ಲಿಯೇ ತಲೆದೂಗಿದ್ದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನುಡಿಸಿದ ಸ್ವರವನ್ನು ತುಸು ತಡವಾಗಿ ಮತ್ತೆ ಕೇಳಿಸುವ ಗಿಟಾರ್‌ನ ಡಿಲೇ ಪೆಡಲನ್ನೂ ಇದೇ ಲೆಕ್ಕಕ್ಕೆ ತಂದಿದ್ದೇವೆ. ರಾಕ್ ಗಿಟಾರ್‌ನಲ್ಲಿ ಹೆಚ್ಚಾಗಿ ಕೇಳಿಬರುವ ಮೂರು ಮಾತ್ರೆಯ ಪ್ರತಿಧ್ವನಿ ಈ ವೇಗದಲ್ಲಿ 450 ಮಿಲಿಸೆಕೆಂಡ್ ಆಗುತ್ತದೆ. ಅದನ್ನು ಬಿಟ್ಟು ಐದು ಮಾತ್ರೆಯ 750 ಮಿಲಿಸೆಕೆಂಡ್ ಇಟ್ಟಾಗ ಪ್ರತಿಧ್ವನಿ ಮುಂದಿನ ಗಣದ ಮೊದಲ ಅಕ್ಷರದ ಮೇಲೆಯೇ ಬಂದು ಬೀಳುತ್ತದೆ.

ಇದೇ ಟಿಆರ್-808 ಮತ್ತು ಅದೇ ಕಂಪನಿಯ ಟಿಬಿ-303, ಜುಪಿಟರ್-8 ಯಂತ್ರಗಳನ್ನು ಇಟ್ಟುಕೊಂಡು ಮುಂಬಯಿಯ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯದ ಮೇಲೆ ನುಡಿಸಿದ್ದರು. ಅಲ್ಲಿ ರಾಗ ನಮ್ಮದು, ಲಯದ ಚೌಕಟ್ಟು ಯಂತ್ರದ್ದು. ಅವರ ಕೆಲಸದ ಬಗ್ಗೆ ನಮಗೆ ಅಪಾರ ಗೌರವವಿದೆ. ನಾವು ಬಿಡಿಸಲು ನೋಡುತ್ತಿರುವುದು ಅವರು ಹಾಗೆಯೇ ಒಪ್ಪಿಕೊಂಡ ಆ ಚೌಕಟ್ಟನ್ನು.

ನಾಲ್ಕನೆಯ ಹಾಡು

ಇಲ್ಲಿ ಲಯ ಇರುವುದು ಒಂದು ಗ್ರೈಂಡರ್ ಕೈಯಲ್ಲಿ. ಗಾಂಧಿ ಬಜಾರ್ ಬಳಿಯ ಒಂದು ಹೋಟೆಲಿನವರು ದೋಸೆ ಹಿಟ್ಟು ರುಬ್ಬುವ ಹೊತ್ತಿನಲ್ಲಿ ಅಡುಗೆಮನೆಗೆ ಮೈಕ್ ತರಲು ಅನುಮತಿ ಕೊಟ್ಟರು. “ಈ ಶಬ್ದ ತಗೊಂಡು ಏನ್ ಮಾಡ್ತೀರಪ್ಪಾ?” ಎಂದು ರುಬ್ಬುವವರು ಕೇಳಿದಾಗ ಹಾಡು ಮಾಡುತ್ತೇವೆ ಎಂದೆವು, ಅವರು ತಕ್ಷಣ ಪಕ್ಕದ ಎಕ್ಸಾಸ್ಟ್ ಫ್ಯಾನ್ ಆರಿಸಿಕೊಟ್ಟರು.

ಆ ಶಬ್ದದಲ್ಲಿ ಎರಡು ಭಾಗಗಳಿವೆ. ಒಂದು, ಮೋಟರಿನ ಗುಂಯ್‌ಗುಡುವಿಕೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಮೋಟರಿನ ಕಬ್ಬಿಣದ ತಗಡುಗಳು ಅದರ ಎರಡರಷ್ಟು ವೇಗದಲ್ಲಿ ಕಂಪಿಸುವುದರಿಂದ ಕೇಳಿಸುವ ನಾದ 100 ಹರ್ಟ್ಸ್. ಪಿಯಾನೊದ ಕೆಳಸ್ಥಾಯಿಯ ಜಿ ಸ್ವರ 98 ಹರ್ಟ್ಸ್‌ನದು. ಹಾಗಾಗಿ ಗ್ರೈಂಡರ್ ನುಡಿಯುವುದು ತುಸು ಏರಿದ ಜಿ ಸ್ವರವನ್ನು. ಏರಿಕೆ ಸುಮಾರು 35 ಸೆಂಟ್, ಎಂದರೆ ಅರ್ಧಸ್ವರದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ರೆಕಾರ್ಡಿಂಗ್ ಅನ್ನು ಕಂಪ್ಯೂಟರ್‌ನಲ್ಲಿ ಕೆಳಗಿಳಿಸಿ ಶುದ್ಧ ಜಿ ಮಾಡಿಕೊಳ್ಳುವುದು ಒಂದು ಕ್ಷಣದ ಕೆಲಸ. ನಾವು ಅದಕ್ಕೆ ಬದಲಾಗಿ ಇಡೀ ಬ್ಯಾಂಡನ್ನೇ ಮೇಲಕ್ಕೆ ಶ್ರುತಿ ಮಾಡಿದೆವು. 440 ಹರ್ಟ್ಸ್ ಇರಬೇಕಾದ ಎ ಸ್ವರ ನಮ್ಮಲ್ಲಿ 449ಕ್ಕೆ ನಿಂತಿತು; ಗಿಟಾರ್, ಬೇಸ್, ಸಿಂಥ್ ಎಲ್ಲವೂ ಅದಕ್ಕೇ ಹೊಂದಿಕೊಂಡವು. ಗಾಯಕಿಗೆ ಜಿ ಶ್ರುತಿ ಮೊದಲೇ ಒಗ್ಗಿದ್ದರಿಂದ ಅವಳಿಗೆ ತೊಂದರೆಯಾಗಲಿಲ್ಲ. ಊರಿನ ವಿದ್ಯುತ್ ಜಾಲವೇ ತಂಬೂರಿಯಾದ ಹಾಡು ಇದು. ಜಾಲದ ಆವರ್ತನ ಪೂರ್ತಿ ಸ್ಥಿರವಲ್ಲ, ಅದನ್ನು 49.90ರಿಂದ 50.05 ಹರ್ಟ್ಸ್ ಒಳಗೆ ಇಡಬೇಕೆಂಬುದು ನಿಯಮ. ಈ ಸಣ್ಣ ಏರಿಳಿತದಿಂದ ಉದ್ದನೆಯ ರೆಕಾರ್ಡಿಂಗ್‌ನಲ್ಲಿ ನಾದ ಕೆಲವು ಸೆಂಟ್‌ಗಳಷ್ಟು ಮೆಲ್ಲಗೆ ಅಲುಗಾಡುತ್ತದೆ. ಅದರ ಒಂದು ತುಣುಕನ್ನೇ ಮತ್ತೆ ಮತ್ತೆ ತಿರುಗಿಸುವ ಲೂಪ್ ಮಾಡದೆ ಹಾಗೆಯೇ ಉಳಿಸಿಕೊಂಡಿದ್ದೇವೆ, ಅದರ ಜೀವ ಇರುವುದು ಅಲ್ಲಿಯೇ.

ಎರಡನೆಯ ಭಾಗ ಕಲ್ಲಿನ ಪೆಟ್ಟು. ಸುತ್ತಿಗೊಮ್ಮೆ ಕಲ್ಲು ತುಸು ಕುಪ್ಪಳಿಸಿ ‘ಧಕ್’ ಎನ್ನುತ್ತದೆ. ಉದ್ದಿನ ಹಿಟ್ಟು ಉಬ್ಬಿ ಬಿಗಿಯಾಗುತ್ತ ಹೋದಂತೆ ಮೋಟರಿನ ಮೇಲೆ ಭಾರ ಹೆಚ್ಚಿ ಕಲ್ಲಿನ ವೇಗ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ, ನೀರು ಚಿಮುಕಿಸಿದಾಗ ಮತ್ತೆ ಚೇತರಿಸಿಕೊಳ್ಳುತ್ತದೆ. ಶ್ರುತಿ ಮಾತ್ರ ಬದಲಾಗುವುದಿಲ್ಲ, ಏಕೆಂದರೆ ಅದನ್ನು ನಿರ್ಧರಿಸುವುದು ವಿದ್ಯುತ್ ಜಾಲ, ಹಿಟ್ಟಲ್ಲ. ಶ್ರುತಿ ಸ್ಥಿರವಾಗಿದ್ದು ಲಯ ಮಾತ್ರ ಉಸಿರಾಡುವ ಇಂಥ ವರ್ತನೆಯನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಕೈಯಾರೆ ಬರೆದಿದ್ದರೂ ಕೃತಕ ಎನಿಸುತ್ತಿತ್ತು. ಪ್ರತಿ ‘ಧಕ್’ ಅನ್ನು ಗುರುತಿಸಿ ಹಾಡಿನ ವೇಗದ ನಕ್ಷೆ ತಯಾರಿಸಿ, ಸೀಕ್ವೆನ್ಸರ್ ಅದನ್ನೇ ಹಿಂಬಾಲಿಸುವಂತೆ ಮಾಡಿದೆ. ಡ್ರಮ್ಮರ್‌ನ ಹೆಡ್‌ಫೋನ್‌ಗೆ ಕ್ಲಿಕ್ ಬದಲು ಕಲ್ಲಿನ ಶಬ್ದವನ್ನೇ ಕೊಟ್ಟೆವು. ನೀರು ಬಿದ್ದು ಕಲ್ಲು ಚುರುಕಾಗುವ ಜಾಗದಲ್ಲಿ ಗಿಟಾರ್‌ನ ಮುಖ್ಯ ರಿಫ್, ಅಂದರೆ ಮರುಕಳಿಸುವ ಸ್ವರಗುಚ್ಛ, ಶುರುವಾಗುತ್ತದೆ. ಇಡೀ ಆಲ್ಬಮ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದೇ.

ಐದನೆಯ ಹಾಡು

ಇದರಲ್ಲಿ ಡ್ರಮ್ಮರ್‌ನದೇ ಅಧಿಕಾರ. ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಪಿಯೆಜೊ ಬಿಲ್ಲೆಯೊಂದನ್ನು ಕಿಕ್ ಡ್ರಮ್‌ನ ಚರ್ಮಕ್ಕೆ ಅಂಟಿಸಿದ್ದೇವೆ. ಪೆಟ್ಟು ಬಿದ್ದಾಗ ಅದು ಉಂಟುಮಾಡುವ ಚಿಕ್ಕ ವೋಲ್ಟೇಜ್ ಒಂದು ಟ್ರಿಗರ್ ಸರ್ಕ್ಯೂಟ್‌ಗೆ ಹೋಗಿ, ಅಲ್ಲಿಂದ ಹೊರಟ ಸಂಕೇತ ಸಿಂಥ್‌ನ ಸೀಕ್ವೆನ್ಸರನ್ನು ಒಂದು ಹೆಜ್ಜೆ ಮುಂದೆ ಸರಿಸುತ್ತದೆ. ಅಂದರೆ ಕಿಕ್ ಬಿದ್ದಷ್ಟೇ ಬಾರಿ ಸ್ವರ ಬದಲಾಗುತ್ತದೆ, ಡ್ರಮ್ಮರ್ ಕಾಲು ತಡೆದರೆ ಯಂತ್ರವೂ ಹಿಂದಿನ ಸ್ವರದಲ್ಲಿಯೇ ಕಾಯುತ್ತದೆ. ಸಂಗೀತದ ಯಂತ್ರಗಳು ಒಂದಕ್ಕೊಂದು ಸಂಕೇತ ಕಳಿಸಲು 1983ರಿಂದ ಬಳಕೆಯಲ್ಲಿರುವ ಮಿಡಿ ಪದ್ಧತಿಯ ಗಡಿಯಾರ ಪ್ರತಿ ಪೆಟ್ಟಿಗೆ 24 ಸಂಕೇತಗಳನ್ನು ಸಮ ಅಂತರದಲ್ಲಿ ಕಳಿಸುತ್ತದೆ. ಇಲ್ಲಿ ಅದನ್ನು ಪೂರ್ತಿ ಬದಿಗಿಟ್ಟಿದ್ದರಿಂದ ಸಮ ಅಂತರ ಎಂಬುದೇ ಇಲ್ಲ.

ತಾಂತ್ರಿಕವಾಗಿ ಎರಡು ವಿಷಯಗಳನ್ನು ಹೊಂದಿಸಬೇಕಾಯಿತು. ಪೆಟ್ಟು ಬಿದ್ದ ಮೇಲೂ ಚರ್ಮ ಕಂಪಿಸುತ್ತಿರುವುದರಿಂದ ಒಂದೇ ಪೆಟ್ಟಿಗೆ ಎರಡು ಮೂರು ಹೆಜ್ಜೆ ಹಾರಿಹೋಗುತ್ತಿತ್ತು. ಒಮ್ಮೆ ಸಂಕೇತ ಹೊರಟ ಮೇಲೆ 80 ಮಿಲಿಸೆಕೆಂಡ್ ಕಾಲ ಸರ್ಕ್ಯೂಟ್ ಕಿವುಡಾಗಿರುವಂತೆ ಮಾಡಿದಾಗ ಅದು ನಿಂತಿತು. ಹಾಗೆಯೇ ಬೇಸ್ ಆಂಪ್‌ನ ನಡುಕವೂ ಪಿಯೆಜೊವನ್ನು ಮುಟ್ಟುತ್ತಿದ್ದುದರಿಂದ ಆಂಪನ್ನು ಕೋಣೆಯ ಇನ್ನೊಂದು ಮೂಲೆಗೆ ಸಾಗಿಸಿದೆವು.

ಗಿಟಾರ್ ಮತ್ತು ಸಿಂಥ್ ಜಾಗಕ್ಕಾಗಿ ಜಗಳವಾಡುವುದು ಮೂರೂ ಹಾಡುಗಳಿಗೆ ಸಾಮಾನ್ಯವಾದ ಸಮಸ್ಯೆ. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಗಿಟಾರ್ ಮೂಲ ಸ್ವರದ ಮೇಲೆ ಹೊಸ ಅನುಸ್ವರಗಳನ್ನು, ಅಂದರೆ ಅದರ ಜೊತೆಗೇ ಕೇಳಿಸುವ ಮೇಲಿನ ಸ್ವರಗಳನ್ನು, ದಟ್ಟವಾಗಿ ಹುಟ್ಟಿಸುತ್ತದೆ. ಸಿಂಥ್‌ನ ಗರಗಸದಾಕಾರದ ಅಲೆಯಲ್ಲಿಯೂ ಎಲ್ಲ ಅನುಸ್ವರಗಳೂ ಇರುತ್ತವೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎರಡೂ ಕೇಳಿಸದಷ್ಟು ಗಲಿಬಿಲಿಯಾಗುತ್ತದೆ. ಆದ್ದರಿಂದ ಗಿಟಾರ್ ಒರಟಾಗಿರುವಲ್ಲಿ ಸಿಂಥ್‌ಗೆ ಬಹುತೇಕ ಮೂಲ ಸ್ವರವಷ್ಟೇ ಇರುವ ತ್ರಿಕೋನ ಅಲೆಯನ್ನು ಕೊಟ್ಟಿದ್ದೇವೆ, ಗಿಟಾರ್ ಸ್ವಚ್ಛವಾಗಿರುವಲ್ಲಿ ಮಾತ್ರ ಸಿಂಥ್ ಗರಗಸ ಹಿಡಿಯುತ್ತದೆ. ಎಷ್ಟೋ ಕಡೆ ಗಿಟಾರ್ ಸುಮ್ಮನಿರುವುದೇ ಸರಿ ಎಂದೂ ಒಪ್ಪಿಕೊಂಡಿದ್ದೇವೆ. 2000ದಲ್ಲಿ ಬಿಡುಗಡೆಯಾದ ‘ಕಿಡ್ ಎ’ ಆಲ್ಬಮ್ ಮಾಡುವಾಗ ರೇಡಿಯೊಹೆಡ್ ಬ್ಯಾಂಡ್ ಪ್ರತಿಯೊಬ್ಬರೂ ಪ್ರತಿ ಹಾಡಿನಲ್ಲಿ ನುಡಿಸಲೇಬೇಕು ಎಂಬ ರೂಢಿಯನ್ನು ಕೈಬಿಟ್ಟಿತ್ತು. ಆ ನಿರ್ಧಾರದ ಬೆಲೆ ಏನೆಂಬುದು ಐದು ಜನ ಒಂದೇ ಕೋಣೆಯಲ್ಲಿ ಕೂತು ‘ಇಲ್ಲಿ ನೀನು ಬೇಡ’ ಎಂದು ಪರಸ್ಪರ ಹೇಳಿಕೊಳ್ಳಬೇಕಾದಾಗ ತಿಳಿಯುತ್ತದೆ. ನಮ್ಮ ಬೇಸ್ ವಾದಕ 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಮೆಟಲ್ ಬ್ಯಾಂಡನ್ನು ಕೇಳಿದ ಮೇಲೆ ಬೇಸ್ ಕೈಗೆತ್ತಿಕೊಂಡವನು. ಐದನೆಯ ಹಾಡಿನ ಮೊದಲರ್ಧದಲ್ಲಿ ತನ್ನ ಜಾಗವನ್ನು ಅವನು ಸಿಂಥ್‌ಗೆ ಬಿಟ್ಟುಕೊಟ್ಟಿದ್ದಾನೆ, ದ್ವಿತೀಯಾರ್ಧದಲ್ಲಿ ಅವನು ಒಳಬಂದಾಗ ಹಾಡಿಗೆ ಬರುವ ತೂಕ ಆ ಕಾಯುವಿಕೆಯಿಂದಲೇ ಬಂದದ್ದು.

ಎರಡನೆಯ ಹಾಡಿನಲ್ಲಿ ಒಂದು ತಿದ್ದುಪಡಿಯಾಗಿದೆ. ಅದರ ಗಾಯನ, ದನಿಯನ್ನು ಆವರ್ತನದ ಪಟ್ಟಿಗಳಾಗಿ ಒಡೆದು ಸಿಂಥ್‌ನ ನಾದಕ್ಕೆ ಅದರ ರೂಪ ಕೊಡುವ ವೊಕೋಡರ್ ಮೂಲಕ ಹಾದುಬರುತ್ತದೆ; ಮತ್ತೆ ಕೇಳಿದಾಗ ‘ಳ’ ಮತ್ತು ‘ಲ’, ‘ಣ’ ಮತ್ತು ‘ನ’ ಬೇರೆಯಾಗಿ ಕೇಳುತ್ತಿರಲಿಲ್ಲ. ನಾಲಿಗೆ ಮಡಿಚಿ ನುಡಿಯುವ ಅಕ್ಷರಗಳಲ್ಲಿ ಧ್ವನಿಯ ಮೂರನೆಯ ಅನುರಣನ ಕೆಳಕ್ಕಿಳಿಯುತ್ತದೆ, ಆ ವ್ಯತ್ಯಾಸವೆಲ್ಲ ಅಡಗಿರುವುದು ಸುಮಾರು 2000ದಿಂದ 3000 ಹರ್ಟ್ಸ್ ನಡುವೆ. ವೊಕೋಡರ್ ಆ ವಲಯವನ್ನು ಅಗಲವಾದ ಒಂದೆರಡು ಪಟ್ಟಿಗಳಲ್ಲಿ ಮುಗಿಸಿಬಿಡುತ್ತಿತ್ತು. ಈಗ ಅಲ್ಲಿ ಪಟ್ಟಿಗಳನ್ನು ಹೆಚ್ಚಿಸಿ, ಗಾಯಕಿಯ ಮೂಲ ಧ್ವನಿಯನ್ನೂ ತೆಳುವಾಗಿ ಸೇರಿಸಿದ್ದೇವೆ. ಕನ್ನಡದಲ್ಲಿ ಹಾಡುವಾಗ ‘ಹಳ್ಳಿ’ ಎಂದದ್ದು ‘ಹಲ್ಲಿ’ ಎಂದು ಕೇಳಿಸಬಾರದು, ಅದು ಎಷ್ಟೇ ಪ್ರಾಯೋಗಿಕ ಆಲ್ಬಮ್ ಆಗಿದ್ದರೂ.

ಆರನೆಯ ಹಾಡಿಗೆ ಗಿಟಾರ್ ಮುದ್ರಣ ಮುಂದಿನ ವಾರ ಆರಂಭವಾಗುತ್ತದೆ. ಅದರಲ್ಲಿ ಲಯ ಯಾರ ಕೈಗೂ ಸೇರದೆ ಇರಬೇಕೆಂಬುದು ಗಿಟಾರ್ ವಾದಕಿಯ ಸಲಹೆ: ಬೇರೆ ಬೇರೆ ಉದ್ದದ ಮೂರು ಲೂಪ್‌ಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದು, ನುಡಿಸುವವರು ಅವುಗಳ ನಡುವೆ ಜಾಗ ಹುಡುಕಿಕೊಳ್ಳಬೇಕು. ಡ್ರಮ್ಮರ್ ಇದನ್ನು ಒಪ್ಪಿದ್ದಾನೆ. ಬೇಸ್ ವಾದಕ ಇನ್ನೂ ಒಪ್ಪಿಲ್ಲ, ತನ್ನ ಭಾಗವನ್ನು ಇನ್ನೊಮ್ಮೆ ನುಡಿಸಿ ನೋಡಿದ ಮೇಲೆ ಹೇಳುವುದಾಗಿ ತಿಳಿಸಿದ್ದಾನೆ.